ಹತ್ತು ವರ್ಷ ಬಿಟ್ಟು ಮತ್ತೆ ಜಿಗಿಯುವವರಿಗೆ: ಮೊದಲು ಇಳಿಯೋದು ಕಲಿಯಿರಿ

ಸಂಜೆ ಮೈದಾನದಲ್ಲಿ ಯಾರಾದರೂ ಒಬ್ಬರು ಬಂದು ಇದೇ ಪ್ರಶ್ನೆ ಕೇಳುತ್ತಾರೆ. "ಅಣ್ಣ, ಕಾಲೇಜಲ್ಲಿ ವಾಲಿಬಾಲ್ ಆಡ್ತಿದ್ದಾಗ ಜಿಗಿದ್ರೆ ಕೈ ನೆಟ್ ಮೇಲೆ ಮೊಣಕೈವರೆಗೂ ಹೋಗ್ತಿತ್ತು. ಈಗ 38 ಆಯ್ತು, ಹೊಟ್ಟೆ ಬಂದಿದೆ. ಮತ್ತೆ ಶುರು ಮಾಡಬಹುದಾ?" ಕೇಳುವವರಲ್ಲಿ ಮೇಷ್ಟ್ರಿದ್ದಾರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರಿದ್ದಾರೆ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯ್ತು. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಶುರು ಮಾಡಬಹುದು. 48 ಆದವರೂ ಮಾಡಬಹುದು. ಆದರೆ ಒಂದು ಸಂಗತಿ ಮೊದಲೇ ತಲೆಗೆ ಹೋಗಬೇಕು. ಹಿಂದೆ ಕಸರತ್ತು ಮಾಡಿದ ಮಾಂಸಖಂಡ ಹಳೆಯದನ್ನು ಮರೆಯುವುದಿಲ್ಲ. ಎರಡು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಲ ವಾಪಸ್ ಬಂದುಬಿಡುತ್ತದೆ. ತೊಂದರೆ ಇರುವುದೇ ಅಲ್ಲಿ. ಆ ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಅಂತ ಒಂದಿದೆ. ನಾವು ಸುಮ್ನೆ "ನರ" ಅಂತೀವಿ, ನಿಜವಾದ ನರ ಬೇರೆ. ಇಲ್ಲಿ ಅದನ್ನು ಹುರಿ ಅಂತ ಕರೆಯುತ್ತೇನೆ. ಹುರಿಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಅದು ಗಟ್ಟಿಯಾಗುವುದೂ ನಿಧಾನ. ಮಾಂಸಖಂಡಕ್ಕೆ ವಾರಗಳು ಸಾಕು, ಹುರಿಗೆ ತಿಂಗಳುಗಳು ಬೇಕು. ಆರನೇ ವಾರದಲ್ಲಿ ನಿಮ್ಮ ತೊಡೆ "ನಾನು ರೆಡಿ" ಅನ್ನುತ್ತದೆ, ಹಿಮ್ಮಡಿಯ ಹುರಿ ಇನ್ನೂ ನಿದ್ದೆಯಲ್ಲಿರುತ್ತದೆ.

ಹಿಮ್ಮಡಿ ಹುರಿ ಕಿತ್ತುಕೊಂಡು ಆಸ್ಪತ್ರೆಗೆ ಬರುವವರಲ್ಲಿ 30ರಿಂದ 50ರ ನಡುವಿನ, ವಾರಕ್ಕೊಮ್ಮೆ ಆಡುವ ಗಂಡಸರೇ ಜಾಸ್ತಿ. ನನಗೆ ಹರಿದದ್ದು ಮೀನಖಂಡ. ಪಂದ್ಯದ ಮಧ್ಯೆ ಹಿಂದಿನಿಂದ ಯಾರೋ ಕಾಲಿಗೆ ಕಲ್ಲು ಹೊಡೆದ ಹಾಗಾಯ್ತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಕೆಳಗೆ ಕೊಟ್ಟಿರುವ 14 ವಾರದ ಲೆಕ್ಕ ಹುರಿಯ ವೇಗಕ್ಕೆ ಹಾಕಿದ್ದು.

ಏನೇನು ಬೇಕು

ಮೊದಲು ನೆಲ. ರಾಯಚೂರು, ಕೊಪ್ಪಳದ ಎರೆ ನೆಲ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಅಲ್ಲಿ ಜಿಗಿದರೆ ಪಾದ ಹೊರಳುವುದು ಗ್ಯಾರಂಟಿ. ಮಳೆಗಾಲದಲ್ಲಿ ಅದೇ ಮಣ್ಣು ಶೂಗೆ ಅಂಟಿ ಒಂದೊಂದು ಕಾಲೂ ಎರಡು ಕೆಜಿ ಆಗುತ್ತದೆ. ಕೆಂಪು ಮಣ್ಣಿನ, ನೀರು ಹೊಡೆದು ಗಟ್ಟಿ ಮಾಡಿದ ಕಬಡ್ಡಿ ಅಂಕಣ ಒಳ್ಳೆಯದು. ಹುಲ್ಲಿದ್ದರೆ ಇನ್ನೂ ಒಳ್ಳೆಯದು. ಸಿಮೆಂಟ್ ರಸ್ತೆ, ಟೈಲ್ಸ್ ಹಾಕಿದ ತಾರಸಿ ಬೇಡವೇ ಬೇಡ.

ಶೂ ಎರಡು ಜೊತೆ ಇದ್ದರೆ ಅನುಕೂಲ. ಭಾರ ಎತ್ತುವಾಗ ಮೆತ್ತನೆಯ ದಪ್ಪ ಸೋಲ್ ಬೇಡ, ಕಾಲು ಅಲ್ಲಾಡುತ್ತದೆ. ಹಳೆಯ ಕ್ಯಾನ್ವಾಸ್ ಶೂ ಸಾಕು. ಜಿಗಿಯುವಾಗ ಸ್ಪೋರ್ಟ್ಸ್ ಶೂ ಹಾಕಿ.

ಜಿಮ್ ಇದ್ದರೆ ಸರಿ. ಇಲ್ಲದಿದ್ದರೆ ಖಾಲಿ ಗೊಬ್ಬರದ ಚೀಲಕ್ಕೆ ಮರಳು ತುಂಬಿ ಬಾಯಿ ಹೊಲಿಯಿರಿ. ಕುಡಿಯುವ ನೀರಿನ ಕ್ಯಾನ್ 20 ಲೀಟರಿನದು, ಅಂದರೆ ಹೆಚ್ಚುಕಡಿಮೆ 20 ಕೆಜಿ. ಎರಡು ಕ್ಯಾನ್ ಹಿಡಿದರೆ 40. ಮೊದಲ ಎರಡು ತಿಂಗಳು ಇಷ್ಟರಲ್ಲೇ ಕಳೆಯಬಹುದು.

ಒಂದು ನೋಟ್‌ಬುಕ್ ಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಬಿಡುವು ಬೇಕು.

ಶುರುವಿಗೆ ಮೊದಲು ಡಾಕ್ಟರ್ ಹತ್ತಿರ ಒಂದು ಸಲ

ಬಿಪಿ, ಶುಗರ್ ಇರುವವರು, 40 ದಾಟಿ ವರ್ಷಗಟ್ಟಲೆ ಕೂತವರು, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿರುವವರು ತೋರಿಸಿಕೊಂಡೇ ಶುರು ಮಾಡಿ. ಹೆರಿಗೆಯಾದ ತಾಯಂದಿರು ಕನಿಷ್ಠ ಮೂರು ತಿಂಗಳು ಜಿಗಿತದ ಗೊಡವೆಗೆ ಹೋಗಬೇಡಿ. ಆಮೇಲೂ ಜಿಗಿದಾಗ ಮೂತ್ರ ಹನಿ ಬೀಳುತ್ತಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಅದಕ್ಕೆ ವ್ಯಾಯಾಮ ಇದೆ, ಸರಿಯಾಗುತ್ತದೆ.

ಇನ್ನೊಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಭೇದಿಗೆ, ಮೂತ್ರದ ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಹುರಿ ದುರ್ಬಲವಾಗುತ್ತದೆ. ಹೆಚ್ಚಾಗಿ ಏಟು ಬೀಳುವುದು ಹಿಮ್ಮಡಿಗೆ. ಜೊತೆಗೆ ಸ್ಟೀರಾಯ್ಡ್ ನಡೆಯುತ್ತಿದ್ದರೆ ಅಪಾಯ ಇನ್ನೂ ಜಾಸ್ತಿ. ಮಾತ್ರೆ ನಿಂತು ಕೆಲವು ತಿಂಗಳಾದ ಮೇಲೂ ಹೀಗಾಗಬಹುದು. ಡಾಕ್ಟರ್ ಬರೆದ ಕೋರ್ಸ್ ಅರ್ಧಕ್ಕೆ ಬಿಡಬೇಡಿ, ಜಿಗಿತವನ್ನು ಮುಂದೂಡಿ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಎರಡು ಮಾತ್ರೆ ಕೇಳಿ ನುಂಗುವವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಹಂತ 1: ಈಗ ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ (ಮೊದಲ ದಿನ)

ಗೋಡೆಗೆ ಬೆರಳು ತಾಗಿಸಿ ಒಂಟಿ ಕಾಲಲ್ಲಿ ನಿಲ್ಲಿ. ಹಿಮ್ಮಡಿ ಪೂರ್ತಿ ಮೇಲೆತ್ತಿ ಇಳಿಸಿ. ಮಂಡಿ ಬಾಗಬಾರದು. ಒಂದೊಂದು ಕಾಲಿಗೆ 20 ಸಲ ಆಗುತ್ತದಾ? ಮೈದಾನಕ್ಕೆ ಬರುವ ಹಳೆಯ ಆಟಗಾರರಲ್ಲಿ ಹೆಚ್ಚಿನವರು ಹತ್ತು ಹನ್ನೆರಡಕ್ಕೇ ಉಸ್ಸಪ್ಪಾ ಅನ್ನುತ್ತಾರೆ. ಎಡ ಬಲಕ್ಕೆ ವ್ಯತ್ಯಾಸ ಇದ್ದರೆ ಬರೆದುಕೊಳ್ಳಿ. ಹಳೆಯ ಏಟು ಎಲ್ಲಿ ಅಡಗಿದೆ ಅಂತ ಅದು ಹೇಳುತ್ತದೆ.

ಆಮೇಲೆ ಕುರ್ಚಿಯಿಂದ ಒಂಟಿ ಕಾಲಲ್ಲಿ, ಕೈ ಊರದೆ, ಐದು ಸಲ ಏಳಿ. ಹಿಮ್ಮಡಿ ನೆಲದಲ್ಲೇ ಇಟ್ಟು ಕುಕ್ಕರುಗಾಲಲ್ಲಿ ಕೂತು ನೋಡಿ. ಕಡೆಗೆ ಒಂಟಿ ಕಾಲಲ್ಲಿ ಅರ್ಧ ನಿಮಿಷ ಅಲ್ಲಾಡದೆ ನಿಲ್ಲಿ. ಆಗದಿದ್ದರೆ ಬೇಜಾರು ಬೇಡ. ಆಗದೆ ಇದ್ದದ್ದೇ ನಿಮ್ಮ ಮೊದಲ ತಿಂಗಳ ಕೆಲಸ.

ಇವತ್ತು ಎಷ್ಟು ಎತ್ತರ ಜಿಗಿಯುತ್ತೀರಿ ಅಂತ ಅಳೆಯಬೇಡಿ. ಆ ಚಪಲಕ್ಕೇ ಮೊದಲ ದಿನ ಕಾಲು ಕಳೆದುಕೊಂಡವರನ್ನು ನೋಡಿದ್ದೇನೆ.

ಹಂತ 2: ಜಿಗಿತವೇ ಇಲ್ಲದ ತಿಂಗಳು (ವಾರ 1ರಿಂದ 4)

ಬೇಸರದ ತಿಂಗಳು ಇದು, ಒಪ್ಪುತ್ತೇನೆ. ತಪ್ಪಿಸುವ ಹಾಗಿಲ್ಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಈ ಐದು ಕೆಲಸ ಮಾಡಿ:

ಬಸ್ಕಿ, ಅಂದರೆ ಸ್ಕ್ವಾಟ್. ಸೊಂಟ ಬಾಗಿಸಿ ಎತ್ತುವುದು: ಬೆನ್ನು ನೇರ ಇಟ್ಟು, ಮಂಡಿ ಸ್ವಲ್ಪವೇ ಬಾಗಿಸಿ, ಸೊಂಟ ಹಿಂದೆ ತಳ್ಳಿ ಕ್ಯಾನ್ ಅಥವಾ ರಾಡ್ ಎತ್ತಬೇಕು. ಜಿಮ್‌ನಲ್ಲಿ ಇದಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್ ಅಂತಾರೆ. ಮೆಟ್ಟಿಲು ಹತ್ತಿ ಇಳಿಯುವುದು. ದಂಡ ಅಥವಾ ಪುಷ್‌ಅಪ್. ಕೊನೆಗೆ ಹಿಮ್ಮಡಿ ಎತ್ತುವುದು.

ಮೊದಲ ನಾಲ್ಕಕ್ಕೂ ಎಂಟೆಂಟು ಸಲದ ಮೂರು ಸುತ್ತು. ಇಳಿಯುವಾಗ ಮನಸ್ಸಿನಲ್ಲಿ ಮೂರು ಎಣಿಸಿ. "ಇನ್ನೂ ಮೂರು ಸಲ ಎತ್ತಬಲ್ಲೆ" ಅನ್ನುವಾಗಲೇ ನಿಲ್ಲಿಸಿ. ಈ ಕೊನೆಯದೇ ಕಷ್ಟ. ಹಳೆಯ ಆಟಗಾರನಿಗೆ ನಿಲ್ಲಿಸೋಕೆ ಹೇಳುವುದು ಹಸಿದವನ ಮುಂದಿನ ಮಿರ್ಚಿ ತಟ್ಟೆ ಎಳೆದ ಹಾಗೆ.

ಹಿಮ್ಮಡಿ ಎತ್ತುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ಲೇಖನದ ಬೀಜ ಅದೇ. ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲ ಅಂಚಿಗೆ ಹೋಗಿ. ಪಾದದ ಮುಂಭಾಗ ಮಾತ್ರ ಕಲ್ಲಿನ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಕಂಬಕ್ಕೆ ಒಂದು ಕೈ. ಎರಡು ಎಣಿಸುತ್ತಾ ಮೇಲೆ ಹೋಗಿ, ತುದಿಯಲ್ಲಿ ಒಂದು ಕ್ಷಣ ನಿಂತು, ಮೂರು ಎಣಿಸುತ್ತಾ ಇಳಿಯಿರಿ. ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗಬೇಕು, ಮೀನಖಂಡ ಎಳೆದದ್ದು ಗೊತ್ತಾಗಬೇಕು. ಭಾರ ಹೆಬ್ಬೆರಳಿನ ಬುಡದ ಮೇಲಿರಲಿ. ಕಿರುಬೆರಳ ಕಡೆ ಜಾರಿದರೆ ಪಾದ ಹೊರಳುವ ಅಭ್ಯಾಸ ಶುರುವಾಯ್ತು ಅಂತ ಅರ್ಥ. ಮೊದಲ ವಾರ ಎರಡೂ ಕಾಲು ಸೇರಿಸಿ, 12ರ ಮೂರು ಸುತ್ತು. ಮೂರನೇ ವಾರಕ್ಕೆ ಒಂಟಿ ಕಾಲು. ಅದೂ ಸಲೀಸಾದರೆ ಬೆನ್ನಿಗೆ ಒಂದು ಬ್ಯಾಗ್ ಏರಿಸಿ. ಮಂಡಿ ನೇರ ಇಟ್ಟು ಒಮ್ಮೆ, ಸ್ವಲ್ಪ ಬಾಗಿಸಿ ಒಮ್ಮೆ ಮಾಡಿ. ಬಾಗಿಸಿದಾಗ ಮೀನಖಂಡದ ಒಳಪದರಕ್ಕೆ ಕೆಲಸ ಬೀಳುತ್ತದೆ, ಓಡುವಾಗ ಜಿಗಿಯುವಾಗ ಹೆಚ್ಚು ಭಾರ ಹೊರುವುದು ಅದೇ.

ಈ ಹಂತದಲ್ಲಿ ಜನ ಮಾಡಿಕೊಳ್ಳುವ ಎಡವಟ್ಟು ಎರಡು.

ಒಂದು, ಜಿಮ್‌ನ ರಾಡ್ ಲೆಕ್ಕ. ಅಳತೆಯ ಉದ್ದನೆಯ ಒಲಿಂಪಿಕ್ ರಾಡ್ 20 ಕೆಜಿ. ನಮ್ಮೂರ ಜಿಮ್‌ಗಳಲ್ಲಿರುವ ಸಣ್ಣ ರಾಡ್‌ಗಳು ಅದಕ್ಕಿಂತ ಹಗುರ, ಒಂದೊಂದು ಒಂದೊಂದು ತೂಕ. ಒಂದು ಕಡೆ 60 ಎತ್ತಿದ್ದು ಇನ್ನೊಂದು ಕಡೆ 70 ಆಗಿರುತ್ತದೆ. ಒಂದೇ ರಾಡ್ ಹಿಡಿದುಕೊಳ್ಳಿ. ಖಾಲಿ ರಾಡ್‌ನಿಂದ ಶುರು ಮಾಡಿ ವಾರಕ್ಕೆ ಎರಡೂವರೆಯಿಂದ ಐದು ಕೆಜಿ ಏರಿಸಿ. ಕಾಲೇಜಿನ ನಂಬರು ಕಾಲೇಜಲ್ಲೇ ಇರಲಿ.

ಎರಡು, ಪಂಥ. "ಗರಡಿ ಮನೆಯಲ್ಲಿ ನಮ್ಮಜ್ಜ 500 ಬಸ್ಕಿ ಹೊಡೀತಿದ್ದ" ಅಂತ ಮೊದಲ ದಿನವೇ 300 ಹೊಡೆಯುವುದು. ಅಜ್ಜ ಅಲ್ಲಿಗೆ ವರ್ಷಗಟ್ಟಲೆ ಹತ್ತಿ ಬಂದಿದ್ದ, ಅಲ್ವಾ? ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ಇಷ್ಟು ಹೇರಿದರೆ ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಏಟು ಬೀಳಬಹುದು. ರಾಬ್ಡೊಮಯೊಲಿಸಿಸ್ ಅಂತ ಅದರ ಹೆಸರು. ಬಿಸಿಲಿದ್ದರೆ, ನೀರು ಕಡಿಮೆ ಕುಡಿದಿದ್ದರೆ ಇನ್ನೂ ಬೇಗ. ವ್ಯಾಯಾಮದ ಮರುದಿನ, ಮೂರನೇ ದಿನ ಮೈಕೈ ನೋವು ಬರುವುದು ಸಹಜ, ತಾನಾಗಿಯೇ ಹೋಗುತ್ತದೆ. ಆದರೆ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ಊದಿಕೊಂಡು ಮುಟ್ಟೋಕೂ ಆಗದಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 3: ಇಳಿಯುವ ಪಾಠ (ವಾರ 5ರಿಂದ 8)

ಜಿಗಿತದಲ್ಲಿ ಏಟಾಗುವುದು ಹೆಚ್ಚಾಗಿ ನೆಲಕ್ಕೆ ಬೀಳುವಾಗ. ಮೈತೂಕದ ಹಲವು ಪಟ್ಟು ಭಾರ ಒಂದು ಕ್ಷಣದಲ್ಲಿ ಕಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಮೊದಲು ಇಳಿಯುವುದು, ಆಮೇಲೆ ಏರುವುದು.

ಒಂದು ಗೇಣು ಎತ್ತರದ ಮೆಟ್ಟಿಲ ಮೇಲೆ ನಿಲ್ಲಿ. ಜಿಗಿಯಬೇಡಿ, ಸುಮ್ನೆ ಒಂದು ಕಾಲು ಮುಂದಿಟ್ಟು ಕೆಳಗೆ ಬೀಳಿ. ಎರಡೂ ಪಾದ ಒಟ್ಟಿಗೆ ನೆಲಕ್ಕೆ. ಮಂಡಿ, ಸೊಂಟ ಬಾಗಲಿ. ಮೂರು ಎಣಿಸುವವರೆಗೂ ಅಲ್ಲೇ ಕಲ್ಲಿನ ಹಾಗೆ ನಿಲ್ಲಿ.

ಈಗ ಕಿವಿ ಕೊಡಿ. "ಧಪ್" ಅಂತ ಸದ್ದು ಬಂದರೆ ಭಾರ ಮೂಳೆಗೆ ಹೋಯ್ತು. ಬೆಕ್ಕು ಕಟ್ಟೆಯಿಂದ ಇಳಿದ ಹಾಗೆ ಸದ್ದಿಲ್ಲದೆ ಆದರೆ ಭಾರವನ್ನು ಮಾಂಸಖಂಡ ಹೊತ್ತುಕೊಂಡಿತು. ಬೆಳಗಿನ ಜಾವ ಖಾಲಿ ಮೈದಾನದಲ್ಲಿ ಇದು ಚೆನ್ನಾಗಿ ಕೇಳುತ್ತದೆ, ಕನ್ನಡಿಗಿಂತ ಒಳ್ಳೆಯ ಗುರು ಇದು. ಜೊತೆಗೆ ಯಾರಿಗಾದರೂ ಮೊಬೈಲ್ ಕೊಟ್ಟು ಎದುರಿನಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆಸಿ. ಮಂಡಿಗಳು ಒಂದಕ್ಕೊಂದು ಮುತ್ತಿಡೋಕೆ ಹೋಗುತ್ತಿದ್ದರೆ, ಅಂದರೆ ಒಳಕ್ಕೆ ವಾಲುತ್ತಿದ್ದರೆ, ಎತ್ತರ ಏರಿಸಬೇಡಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕಿರಬೇಕು. ಮಂಡಿಯ ಲಿಗಮೆಂಟ್, ಅಂದರೆ ಮೂಳೆ ಮೂಳೆ ಕಟ್ಟುವ ಪಟ್ಟಿ, ಹರಿಯುವ ಒಂದು ದಾರಿ ಈ ಒಳವಾಲುವಿಕೆ.

ಇದರ ಜೊತೆಗೆ ಹಗ್ಗದ ಸ್ಕಿಪ್ಪಿಂಗ್, ನಿಂತಲ್ಲೇ ಪುಟ್ಟ ಪುಟ್ಟ ನೆಗೆತ. ಪಾದ ನೆಲಕ್ಕೆ ಬಿದ್ದದ್ದನ್ನು ಒಂದು ಅಂತ ಎಣಿಸಿ. ದಿನಕ್ಕೆ 30ರಿಂದ 40 ಸಾಕು. ವಾರಕ್ಕೆ ಎರಡೇ ದಿನ, ನಡುವೆ ಪೂರ್ತಿ ಎರಡು ದಿನ ಬಿಡುವು. ಭಾರ ಎತ್ತುವ ದಿನವೇ ಮಾಡುವುದಾದರೆ ಇದನ್ನು ಮೊದಲು, ಭಾರವನ್ನು ಆಮೇಲೆ. ಸುಸ್ತಾದ ಕಾಲಿನಿಂದ ಇಳಿಯಬಾರದು.

ಹಂತ 4: ಈಗ ಮೇಲಕ್ಕೆ (ವಾರ 9ರಿಂದ 12)

ಬೆಂಚು ಅಥವಾ ಗಟ್ಟಿ ಕಟ್ಟೆಯ ಮೇಲಕ್ಕೆ ಜಿಗಿಯಿರಿ, ಇಳಿಯುವಾಗ ನಡೆದು ಇಳಿಯಿರಿ. ಮಂಡಿ ಎದೆಗೆ ಎಳೆದುಕೊಂಡು ಎತ್ತರದ ಕಟ್ಟೆ ಹತ್ತಿ ರೀಲ್ಸ್ ಮಾಡಬೇಡಿ. ಅದರಲ್ಲಿ ಏರುವುದು ಮಂಡಿ, ಸೊಂಟ ಏರುವುದೇ ಇಲ್ಲ. ತಪ್ಪಿದರೆ ಮೊಣಕಾಲ ಚರ್ಮ ಕಟ್ಟೆಗೆ ಅರ್ಪಣೆ. ತೊಡೆಯ ಅರ್ಧದವರೆಗಿನ ಎತ್ತರ ಸಾಕು. ಜೊತೆಗೆ ನಿಂತಲ್ಲಿಂದ ಉದ್ದ ಜಿಗಿತ, ನಿಂತಲ್ಲಿಂದ ಎತ್ತರ ಜಿಗಿತ.

ಮೂರರಿಂದ ಐದು ಸಲ ಪೂರ್ತಿ ಶಕ್ತಿ ಹಾಕಿ, ಆಮೇಲೆ ಒಂದೂವರೆ ಎರಡು ನಿಮಿಷ ಸುಮ್ಮನಿರಿ. ಏದುಸಿರು ಬಂದರೆ ಅದು ಜಿಗಿತದ ತಾಲೀಮಲ್ಲ, ದಮ್ಮಿನ ತಾಲೀಮು. ಎತ್ತರ ಕಡಿಮೆಯಾಗುತ್ತಿದೆ ಅನಿಸಿದ ಕೂಡಲೇ ಆ ದಿನಕ್ಕೆ ಮುಗಿಯಿತು. ಒಟ್ಟು ಎಣಿಕೆ 60ರಿಂದ 80 ದಾಟದಿರಲಿ. ಭಾರ ಎತ್ತುವುದನ್ನು ಐದೈದು ಸಲಕ್ಕೆ ಇಳಿಸಿ ತೂಕ ಏರಿಸಿ. ಆ ತಾಲೀಮು ವಾರಕ್ಕೆ ಎರಡು ದಿನ ಸಾಕು.

ಅಳೆಯುವ ಆಸೆ ಇದ್ದರೆ ಈಗ ಅಳೆಯಿರಿ. ಬೆರಳಿಗೆ ಸೀಮೆಸುಣ್ಣ ಹಚ್ಚಿ, ಗೋಡೆ ಪಕ್ಕ ನಿಂತು ಕೈ ಎತ್ತಿ ಒಂದು ಗುರುತು, ಜಿಗಿದು ಇನ್ನೊಂದು ಗುರುತು. ನಡುವಿನ ಅಂತರ ನಿಮ್ಮ ಜಿಗಿತ. ತಿಂಗಳಿಗೊಮ್ಮೆ ಸಾಕು.

ಹಂತ 5: ಪುಟಿಯುವುದು, ಆಮೇಲೆ ಆಟ (ವಾರ 13ರಿಂದ)

ಇಳಿದ ಕೂಡಲೇ ಮತ್ತೆ ಏರುವ ಜಿಗಿತಕ್ಕೆ ಪ್ಲಯೋಮೆಟ್ರಿಕ್ಸ್ ಅಂತಾರೆ. ಇಳಿಯುವಾಗ ಹುರಿ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ, ಬಿಟ್ಟಾಗ ಆ ಶಕ್ತಿ ನಿಮ್ಮನ್ನು ಎತ್ತುತ್ತದೆ. ತಡ ಮಾಡಿದರೆ ಶಕ್ತಿ ಸೋರಿಹೋಗುತ್ತದೆ. ಸಣ್ಣವರಿದ್ದಾಗ ಆಡಿದ ಕುಂಟೆಬಿಲ್ಲೆ ಇದರ ಅಪ್ಪಟ ರೂಪ. ಮಗಳ ಜೊತೆ ಅಂಗಳದಲ್ಲಿ ಗೆರೆ ಎಳೆದು ಆಡಿ, ಒಂಟಿ ಕಾಲಿನ ಎಣಿಕೆ 20ಕ್ಕೆ ನಿಲ್ಲಿಸಿ. ಸ್ಪೈಕ್ ಮಾಡುವವರು, ಅಂದರೆ ಜಿಗಿದು ನೆಟ್ ಮೇಲಿಂದ ಚೆಂಡು ಹೊಡೆಯುವವರು, ಮೂರು ಹೆಜ್ಜೆ ಓಡಿಬಂದು ಜಿಗಿಯುವುದನ್ನು ಚೆಂಡಿಲ್ಲದೆ ಹತ್ತು ಸಲ ಮಾಡಿ, ಆಮೇಲೆ ಚೆಂಡು. ಎತ್ತರದ ಕಟ್ಟೆಯಿಂದ ಬಿದ್ದು ಪುಟಿಯುವ ಡೆಪ್ತ್ ಜಂಪ್ ನಮ್ಮಂಥವರಿಗೆ ಬೇಡ. ಅದಿಲ್ಲದೆಯೂ ಆಡಬಹುದು.

ಪಂದ್ಯಕ್ಕೆ ಇಳಿದಾಗಲೂ ಎಣಿಕೆ ಮರೆಯಬೇಡಿ. ನೆಟ್ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಮುಂದಿನ ಸಾಲಿನಲ್ಲಿ ನಿಂತರೆ ಬ್ಲಾಕು, ಸ್ಪೈಕು ಸೇರಿ ಒಂದೇ ಪಂದ್ಯದಲ್ಲಿ ಹತ್ತಾರು ಸಲ ಜಿಗಿಯುತ್ತೀರಿ. ಮೊದಲ ಎರಡು ವಾರ ಒಂದೇ ಸೆಟ್ ಆಡಿ ಹೊರಗೆ ಬನ್ನಿ. ಆ ವಾರ ಬೇರೆ ಜಿಗಿತ ಇಲ್ಲ.

ನೋವನ್ನು ಆಣೆ ಲೆಕ್ಕದಲ್ಲಿ ಅಳೆಯಿರಿ

ಹುರಿಯ ಕೆಲಸದಲ್ಲಿ ಸ್ವಲ್ಪ ನೋವು ಇದ್ದೇ ಇರುತ್ತದೆ. ರೂಪಾಯಿಗೆ ನಾಲ್ಕಾಣೆಯಷ್ಟು ನೋವಿದ್ದು, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಯಲ್ಲಿ ಹೊಸ ಬಿಗಿತ ಇಲ್ಲದಿದ್ದರೆ ಮುಂದುವರಿಸಿ. ಎಂಟಾಣೆ ಆದರೆ ಎಣಿಕೆ ಅರ್ಧಕ್ಕೆ ಇಳಿಸಿ. ಅದಕ್ಕಿಂತ ಜಾಸ್ತಿ ಆದರೆ ಜಿಗಿತ ನಿಲ್ಲಿಸಿ, ನಿಧಾನವಾಗಿ ಭಾರ ಎತ್ತುವುದು ಮಾತ್ರ ಇಟ್ಟುಕೊಳ್ಳಿ. ಪೂರ್ತಿ ಮಲಗಿಬಿಟ್ಟರೆ ಹುರಿ ಇನ್ನೂ ಸಡಿಲವಾಗುತ್ತದೆ. ನೋವಿನ ಮಾತ್ರೆ ನುಂಗಿ, ಇಂಜೆಕ್ಷನ್ ಹಾಕಿಸಿಕೊಂಡು ಪಂದ್ಯ ಆಡಿದರೆ ಲೆಕ್ಕದ ಪುಸ್ತಕವನ್ನೇ ಸುಟ್ಟ ಹಾಗೆ.

"ಟಪ್" ಅಂತ ಸದ್ದು ಬಂದು, ತುದಿಗಾಲಲ್ಲಿ ನಿಲ್ಲೋಕೆ ಆಗದಿದ್ದರೆ ಬೋರಲು ಮಲಗಿ ಯಾರಿಗಾದರೂ ಮೀನಖಂಡ ಹಿಂಡೋಕೆ ಹೇಳಿ. ಆಗ ಪಾದ ಅಲುಗಬೇಕು. ಅಲುಗದಿದ್ದರೆ ಹುರಿ ಕಿತ್ತಿದೆ ಅಂತ ಅನುಮಾನ. ಅಲುಗಿದರೂ ನಡೆಯೋಕೆ ಕಷ್ಟವಿದ್ದರೆ ತೋರಿಸಲೇಬೇಕು. ಉಳುಕು ಅಂತ ಎಣ್ಣೆ ಹಚ್ಚಿ ನೀವಿಸಿಕೊಳ್ಳೋಕೆ ಹೋಗಬೇಡಿ, ನೇರ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಮೊದಲ ದಿನಗಳಲ್ಲೇ ಹೋದರೆ ಚಿಕಿತ್ಸೆ ಸುಲಭ.

ನಮ್ಮ ಬಿಸಿಲು, ನಮ್ಮ ಊಟ

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬೆಳಿಗ್ಗೆ ಏಳರೊಳಗೆ ಮುಗಿಸಿ. ಬಿಸಿಲಿಗೆ ಮೈ ಒಗ್ಗೋಕೆ ಒಂದೆರಡು ವಾರ ಬೇಕು, ಆ ದಿನಗಳಲ್ಲಿ ಅರ್ಧ ಮಾಡಿ. ಉಪ್ಪು ಹಾಕಿದ ಮಜ್ಜಿಗೆ ಸಾಕು. ಓಆರ್‌ಎಸ್ ಕುಡಿಯುವುದಾದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ದೊಡ್ಡ ಪ್ಯಾಕೆಟ್‌ಗೆ ಒಂದು ಲೀಟರ್, ಲೋಟಕ್ಕೆ ಅರ್ಧ ಸುರಿಯುವುದಲ್ಲ. ಜೊತೆಗಾರ ಬಿಸಿಲಲ್ಲಿ ತೊದಲಿದರೆ, ಗೊಂದಲದಲ್ಲಿ ಏನೇನೋ ಮಾತಾಡಿದರೆ, ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಿ.

ಊಟಕ್ಕೆ ಡಬ್ಬಿ ಪೌಡರ್ ಬೇಕೇಬೇಕು ಅಂತಿಲ್ಲ. ಮೈತೂಕದ ಒಂದೊಂದು ಕೆಜಿಗೆ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ಪ್ರೋಟೀನ್ ಸಿಕ್ಕರೆ ಸಾಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ ಸುಮಾರು 25, ಅಷ್ಟೇ ಜೋಳದಲ್ಲಿ ಸುಮಾರು 10. ರೊಟ್ಟಿ, ಬೇಳೆ ಹಾಕಿದ ಪುಂಡಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎರಡು ಮೊಟ್ಟೆ ಇದ್ದರೆ ಅರ್ಧ ದಾರಿ ಮುಗಿಯಿತು. ಬೆಳಗಿನ ಒಗ್ಗರಣಿ ಮಿರ್ಚಿ ಬಿಡಿ ಅಂತ ನಾನು ಹೇಳಲ್ಲ, ಜಿಗಿದ ಮೇಲೆ ತಿನ್ನಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳಿದಷ್ಟೇ ಪ್ರೋಟೀನ್ ತಿನ್ನಬೇಕು.

ನೈಟ್ ಶಿಫ್ಟ್ ಮುಗಿಸಿ ನೇರ ಮೈದಾನಕ್ಕೆ ಬರುವವರು ಆ ದಿನ ಜಿಗಿಯಬೇಡಿ. ಭಾರ ಎತ್ತಬಹುದು, ಹಗುರವಾಗಿ.

ಇನ್ನು ಗುಡ್ಡ ಹತ್ತುವವರಿಗೆ. ಬಳ್ಳಾರಿ ಕೋಟೆ ಗುಡ್ಡ, ಐನೂರಕ್ಕೂ ಜಾಸ್ತಿ ಮೆಟ್ಟಿಲಿನ ಅಂಜನಾದ್ರಿ ಎರಡೂ ಒಳ್ಳೆಯ ತಾಲೀಮೇ. ಹತ್ತುವಾಗ ದಮ್ಮು, ಇಳಿಯುವಾಗ ತೊಡೆ. ಆದರೆ ಮೊದಲ ತಿಂಗಳು ಇಳಿಯುವಾಗ ಓಡಬೇಡಿ.

ಮಧ್ಯೆ ಬಿಟ್ಟುಹೋದರೆ

ಮದುವೆ, ಜಾತ್ರೆ, ಕೊಯ್ಲು ಅಂತ ಒಂದು ವಾರ ತಪ್ಪಿದರೆ ಇದ್ದಲ್ಲಿಂದಲೇ ಮುಂದುವರಿಸಿ. ಎರಡು ಮೂರು ವಾರ ತಪ್ಪಿದರೆ ಒಂದು ಹಂತ ಹಿಂದಕ್ಕೆ ಹೋಗಿ. ಎರಡು ತಿಂಗಳಾದರೆ ಮತ್ತೆ ಗ್ಯಾಲರಿ ಮೆಟ್ಟಿಲು, ಕಂಬಕ್ಕೆ ಒಂದು ಕೈ.

ದಿನಾಂಕದ ಲೆಕ್ಕ ಹೀಗೆ ಹಾಕಿ: ಏಪ್ರಿಲ್ ಕೊನೆಗೆ ಹೊನಲು ಬೆಳಕಿನ ಪಂದ್ಯ ಇದ್ದರೆ ಸಂಕ್ರಾಂತಿಯ ಮರುದಿನವೇ ಹಂತ 1. ಪಂದ್ಯದ ಬ್ಯಾನರ್ ಕಟ್ಟುವುದು ಹದಿನೈದು ದಿನ ಮೊದಲು. ಅದನ್ನು ನೋಡಿ ಹುಮ್ಮಸ್ಸು ಬಂದವರು ಈ ವರ್ಷ ಸ್ಕೋರ್ ಬರೆಯೋಕೆ ಕೂತ್ಕೊಳ್ಳಿ.